ಕೊಬ್ಬು ಎಂಬ ಬೈಗುಳ

ಹೃದಯಕ್ಕೆ ಪ್ರೀತಿ, ಕರುಳಿಗೆ ಮಮತೆ ಎಂದು ಹಂಚಿಕೊಟ್ಟ ನಮ್ಮ ಭಾಷೆ ಕೊಬ್ಬಿಗೆ ಕೊಟ್ಟದ್ದು ಸೊಕ್ಕನ್ನು. ಎದುರು ಮಾತಾಡಿದವರಿಗೆ 'ಕೊಬ್ಬು ಜಾಸ್ತಿ' ಎನ್ನುತ್ತೇವೆ, 'ನಿನ್ನ ಕೊಬ್ಬು ಇಳಿಸುತ್ತೇನೆ' ಎಂದು ಹೆದರಿಸುತ್ತೇವೆ. ಇದು ಬರೀ ಮಾತಿನಲ್ಲೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಈ ಬೈಗುಳ ಬಿಳಿ ಕೋಟು ತೊಟ್ಟು ಆರೋಗ್ಯ ಶಿಬಿರಗಳಲ್ಲೂ ಕೂತಿದೆ. ತಕರಾರು ಅಲ್ಲಿಂದ ಶುರು.

ನನ್ನೂರು ಅಂಕೋಲೆಯ ಕೇಣಿ. ಮಳೆಗಾಲ ಕಳೆದು ತಾರ್ಲೆಗೆ ನೆಣ ಬಂದರೆ ನಮ್ಮಲ್ಲಿ ಅದೇ ಸುದ್ದಿ. ನೆಣವಿಲ್ಲದ ಮೀನನ್ನು ರುಚಿಯಿಲ್ಲವೆಂದು ಪಕ್ಕಕ್ಕೆ ಸರಿಸುವವರು ನಾವು. ಅದೇ ನೆಣ ಮನುಷ್ಯರ ಮೈಯಲ್ಲಿ ಕಂಡರೆ ಮಾತ್ರ ಅಸಹ್ಯ. ನಮ್ಮ ಕಡೆಯ ಒಂದು ತಪಾಸಣಾ ಶಿಬಿರದಲ್ಲಿ ನೋಡಿದ್ದನ್ನು ಹೇಳುತ್ತೇನೆ. ನಸುಕಿನಿಂದ ಬುಟ್ಟಿ ಹೊತ್ತು ಮೀನು ಮಾರುವ ದಪ್ಪ ಹೆಂಗಸರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಎಲ್ಲರೆದುರು 'ಬಾಯಿ ಕಟ್ಟಿ' ಎಂದರು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಗಂಡಸರಿಗೆ 'ನಿಮಗೇನಿಲ್ಲ, ಹೋಗಿ' ಎಂದರು. ಯಾರ ಸೊಂಟಕ್ಕೂ ಟೇಪು ಹಿಡಿಯಲಿಲ್ಲ. ಹೆಂಗಸರಿಗೆ ಅವಮಾನ, ಗಂಡಸರಿಗೆ ಸುಳ್ಳು ಧೈರ್ಯ. ಎರಡರಲ್ಲಿ ಹೆಚ್ಚು ಅಪಾಯ ಯಾವುದೆಂದು ಹೇಳುವುದು ಕಷ್ಟ.

ನಾನು ಡಾಕ್ಟರೇಟಿಗಾಗಿ ಓದುತ್ತಿರುವುದು ಇದೇ ಕೊಬ್ಬಿನ ಅಂಗಾಂಶವನ್ನು. ಅದು ಚರ್ಮದ ಕೆಳಗೆ ಸುಮ್ಮನೆ ತುಂಬಿಟ್ಟ ಡಾಲ್ಡಾ ಅಲ್ಲ. ಮೂತ್ರಪಿಂಡವನ್ನು ಸುತ್ತಿ ಕಾಪಾಡುವುದು, ಹಿಮ್ಮಡಿಗೆ ಮೆತ್ತೆಯಾಗುವುದು, ನಡುಗಲೂ ಬಾರದ ಹಸುಗೂಸನ್ನು ಬೆಚ್ಚಗಿಡುವುದು ಅದೇ. ಪಿಷ್ಟ ಒಂದು ಗ್ರಾಮಿಗೆ 4 ಕಿಲೊಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಹಸಿವಿನ ದಿನಕ್ಕೆ ಇದಕ್ಕಿಂತ ಒಳ್ಳೆಯ ಕಣಜವಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನನ್ನು ಕಂಡುಹಿಡಿದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ಕಣಜದಲ್ಲಿ ಎಷ್ಟಿದೆ ಎಂದು ಕೊಬ್ಬೇ ಮೆದುಳಿಗೆ ವರದಿ ಕಳಿಸುತ್ತದೆ. ಆ ವರದಿ ತೀರಾ ಕಡಿಮೆಯಾದರೆ ಹೆಣ್ಣಿನ ಮುಟ್ಟೂ ನಿಂತುಹೋಗಬಹುದು. ಲೆಪ್ಟಿನ್ ಎಂಬ ಹೆಸರು ಬಂದದ್ದು 'ತೆಳ್ಳಗಿನ' ಎಂಬರ್ಥದ ಗ್ರೀಕ್ ಪದದಿಂದ!

ಕೊಬ್ಬೇ ಇಲ್ಲದಿದ್ದರೆ ಆರೋಗ್ಯ ಎನ್ನುವವರು ಲಿಪೊಡಿಸ್ಟ್ರೋಫಿಯ ಬಗ್ಗೆ ಕೇಳಬೇಕು. ಈ ಅಪರೂಪದ ಕಾಯಿಲೆಯ ಒಂದು ಬಗೆಯಲ್ಲಿ ಹುಟ್ಟಿನಿಂದಲೇ ಮೈಯಲ್ಲಿ ಕೊಬ್ಬಿನ ಅಂಗಾಂಶ ಇಲ್ಲವೆನ್ನುವಷ್ಟು ಕಡಿಮೆ. ನೋಡಲು ಕುಸ್ತಿಪಟುವಿನಂಥ ಮೈ. ಆದರೆ ತಿಂದ ಜಿಡ್ಡಿಗೆ ಕಣಜವಿಲ್ಲದೆ ಅದು ಯಕೃತ್ತಿಗೂ ಸ್ನಾಯುಗಳಿಗೂ ನುಗ್ಗುತ್ತದೆ, ಎಳೆಯ ವಯಸ್ಸಿಗೇ ತೀವ್ರ ಮಧುಮೇಹ ಬರುತ್ತದೆ. ಅಂದರೆ ಪ್ರಶ್ನೆ ಕೊಬ್ಬು ಎಷ್ಟಿದೆ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದು. ತೊಡೆ, ನಿತಂಬದ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಸಾಧು. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಸೇರಿಕೊಂಡದ್ದು ಕಾಟ ಕೊಡುವಂಥದ್ದು.

ಈ 'ಎಲ್ಲಿ' ಎಂಬುದು ತೂಕದ ಯಂತ್ರಕ್ಕೆ ತಿಳಿಯುವುದಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಲೆಕ್ಕಕ್ಕೂ ತಿಳಿಯುವುದಿಲ್ಲ. ಅದರ ಮೂಲ ಬೆಲ್ಜಿಯಂನ ಅಡಾಲ್ಫ್ ಕೆಟಲೆ 19ನೇ ಶತಮಾನದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕುತ್ತ ಮಾಡಿದ ಲೆಕ್ಕ. ಆತ ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಇದು ಪುಣೆಯ ಕತೆ ಮಾತ್ರವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿತು. ಮೈಸೂರಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಹಗುರ, ಸಣ್ಣ. ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡ ಮೈಯನ್ನು ನಾಲಿಗೆ ಚಪಲ, ಸೋಮಾರಿತನ ಎಂದು ಬೈದರೆ ಯಾರನ್ನು ಬೈದ ಹಾಗಾಯಿತು?

'ಹಾಗಾದರೆ ದಪ್ಪಗಾದರೆ ತೊಂದರೆಯಿಲ್ಲವೇ?' ಎಂದು ಕೇಳುವಿರಿ. ಇದೆ. ಕಣಜ ತುಂಬಿ ಹೊರಚೆಲ್ಲಿದರೆ ಕಾಯಿಲೆ ಖಂಡಿತ, ಮಂಡಿಯೂ ಸವೆಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಆದರೆ ನಮ್ಮವರಲ್ಲಿ ಆ ಕಣಜವೇ ಸಣ್ಣದು, ಬೇಗ ತುಂಬುತ್ತದೆ ಎಂಬುದು ಹಲವು ವಿಜ್ಞಾನಿಗಳ ವಿವರಣೆ. ಹಾಗಿದ್ದರೆ ತೆಳ್ಳಗಿನವರನ್ನು ಪರೀಕ್ಷಿಸದೆ ಕಳಿಸುವುದಕ್ಕೆ ಏನು ಸಮರ್ಥನೆ? ದಪ್ಪಗಿನವರನ್ನು ಬೈಯುವುದರಿಂದಾದರೂ ಏನು ಸಿಗುತ್ತದೆ? ಬೈಸಿಕೊಂಡ ಹೆಂಗಸು ತೆಳ್ಳಗಾಗುವುದಿಲ್ಲ, ಮುಂದಿನ ಶಿಬಿರಕ್ಕೆ ಬರುವುದಿಲ್ಲ ಅಷ್ಟೇ.

ನಾನು ಕೇಳುತ್ತಿರುವುದು ದುಬಾರಿ ಯಂತ್ರವನ್ನಲ್ಲ. ದರ್ಜಿಯ ಬಳಿಯಿರುವಂಥ ಒಂದು ಟೇಪು. ನಮ್ಮ ದೇಶದವರಿಗೆ ಹೇಳಿರುವ ಮಿತಿ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80. ಅದನ್ನು ದಾಟಿದವರಿಗೆ, ಅವರು ಎಷ್ಟೇ ತೆಳ್ಳಗೆ ಕಂಡರೂ, ರಕ್ತದ ಸಕ್ಕರೆ ನೋಡಿ. ತೂಕವನ್ನೂ ನೋಡಿ, ಬೇಡವೆನ್ನುವುದಿಲ್ಲ. ಆ ಅಂಕಿಯನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಬೇಡಿ. ಮೀನು ಕೊಳ್ಳುವಾಗಲೂ ನಾವು ತೂಕವೊಂದನ್ನೇ ನಂಬುವುದಿಲ್ಲ, ಕಿವಿರು ಎತ್ತಿ ನೋಡುತ್ತೇವೆ. ಮನುಷ್ಯರಿಗೆ ಅಷ್ಟು ಮರ್ಯಾದೆಯಾದರೂ ಇರಲಿ.