ಗುಳಿಗೆ ಅಗ್ಗವಾಯಿತು, ತಿಳಿವಳಿಕೆ ಎಲ್ಲಿ?



ಷಿಕಾಗೊ, ಡೆಟ್ರಾಯಿಟ್ ಸುತ್ತಮುತ್ತ ಔಷಧ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗರು ನಮ್ಮಲ್ಲಿದ್ದಾರೆ. ಲೊಂಬಾರ್ಡ್‌ನಲ್ಲಿ ಕುಳಿತು ನಾನು ಬರೆಯುತ್ತಿರುವ ಈ ಮಾತು ಮುಖ್ಯವಾಗಿ ಅವರಿಗೆ.

ಶಸ್ತ್ರಚಿಕಿತ್ಸೆಯ ಹಂತ ದಾಟಿದ ಲಿವರ್ ಕ್ಯಾನ್ಸರಿಗೆ 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊರಾಫೆನಿಬ್ ಒಂದು ಪುಟ್ಟ ಅಣುವಿನ ಗುಳಿಗೆ. ಗೆಡ್ಡೆ ಬೆಳೆಯಲು, ಅದಕ್ಕೆ ರಕ್ತನಾಳ ಚಿಗುರಲು ಸೂಚನೆ ಸಾಗಿಸುವ ಕೈನೇಸ್‌ಗಳನ್ನು ಅದು ತಡೆಯುತ್ತದೆ. ಮುಖ್ಯ ಪ್ರಯೋಗದಲ್ಲಿ ರೋಗಿಗಳು ಬದುಕುಳಿದ ಮಧ್ಯಕ ಅವಧಿ 7.9 ತಿಂಗಳಿಂದ 10.7 ತಿಂಗಳಿಗೆ ಏರಿತು. ಇಷ್ಟೇನಾ ಎನ್ನಬೇಡಿ. ನಮ್ಮ ಉತ್ತರಕ್ಕಿರುವ ಅಬಾಟ್ ಪಾರ್ಕ್‌ನ ಅಬಾಟ್ ಕಂಪನಿಯ ಲಿನಿಫನಿಬ್, ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಇದನ್ನು ಮೀರಿಸಲಾಗಲಿಲ್ಲ. ಆ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಭಾರತದಲ್ಲಿ ಬಾಯರ್ ಕಂಪನಿಯ ಈ ಗುಳಿಗೆಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋಗೆ ಕಡ್ಡಾಯ ಪರವಾನಗಿ ಕೊಟ್ಟು, ಬೆಲೆಯನ್ನು 9 ಸಾವಿರದ ಒಳಗೆ ಕಟ್ಟಿಹಾಕಿತು. 2014ರಲ್ಲಿ ಸುಪ್ರೀಂ ಕೋರ್ಟ್ ಬಾಯರ್‌ನ ಅರ್ಜಿ ತಳ್ಳಿಹಾಕಿತು. ಸಂಶೋಧನೆಯ ಖರ್ಚು ಬಲ್ಲ ನಮ್ಮಲ್ಲಿ ಕೆಲವರಿಗೆ ಇದು ಹಿಡಿಸಿರಲಿಕ್ಕಿಲ್ಲ. ಆದರೆ ಹೊಲ ಮಾರಿ ಔಷಧ ಕೊಳ್ಳುವವರ ಲೆಕ್ಕವೇ ಬೇರೆ.

ಬೆಲೆಯ ಅಡ್ಡಿ ತಗ್ಗಿತು; ಭಾಷೆಯ ಅಡ್ಡಿ ಹಾಗೇ ಇದೆ. ಈ ಗುಳಿಗೆಯನ್ನು ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು. ಅಂಗೈ, ಅಂಗಾಲು ಕೆಂಪಾಗಿ ಬೊಬ್ಬೆ ಏಳಬಹುದು, ಭೇದಿಯಾಗಬಹುದು, ಬಿ.ಪಿ. ಏರಬಹುದು. ವೈದ್ಯರು ಡೋಸ್ ಇಳಿಸಿ ಅಥವಾ ಕೆಲದಿನ ನಿಲ್ಲಿಸಿ ಇದನ್ನು ನಿಭಾಯಿಸುತ್ತಾರೆ. ಈ ಮಾತನ್ನು ಕನ್ನಡದಲ್ಲಿ ಯಾರೂ ಹೇಳದಿದ್ದರೆ, ಗದ್ದೆಗಿಳಿಯಲಾಗದ ರೈತ ಗುಳಿಗೆಯನ್ನೇ ಬಿಟ್ಟಾನು. ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯಿಂದ ಅವನಿಗೇನು ಪ್ರಯೋಜನ?

2018ರಲ್ಲಿ ಲೆನ್ವಾಟಿನಿಬ್ ಬಂತು. 2020ರಲ್ಲಿ ಅಟೆಜೊಲಿಜುಮ್ಯಾಬ್, ಬೆವಸಿಜುಮ್ಯಾಬ್ ಇಂಜೆಕ್ಷನ್‌ಗಳ ಜೋಡಿ ಬಂತು. ಪ್ರತಿ ಹೊಸ ಔಷಧಕ್ಕೂ ಹೊಸ ಎಚ್ಚರಿಕೆಗಳಿವೆ.

ನನ್ನ ಸಲಹೆ ಸಣ್ಣದು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಔಷಧದ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆಯೋಣ. ಕ್ಯಾನ್ಸರ್ ವೈದ್ಯರಿಂದ ತಿದ್ದಿಸಿ, ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳ ಮುಂದಿಡೋಣ. ಪಾರಿಭಾಷಿಕ ಪದ ಇಲ್ಲವೆಂಬ ನೆಪ ಬೇಡ. ಕೈನೇಸ್ ಅನ್ನು ಕೈನೇಸ್ ಎಂದೇ ಬರೆಯೋಣ, ಬೊಬ್ಬೆಯನ್ನು ಬೊಬ್ಬೆ ಎನ್ನೋಣ. ಮೊದಲ ಪುಟ, ಸೊರಾಫೆನಿಬ್‌ನದು, ನಾನು ಬರೆಯುತ್ತೇನೆ. ಎರಡನೆಯದು ಯಾರದು?