ಹುಲ್ಲುಹಾಸಿಗೂ ಒಂದು ಹಂಗಾಮು ಬೇಡವೇ?

ಬೆಳ್ಳಂದೂರಿನ ಸುತ್ತಮುತ್ತ ವಸತಿ ಸಮುಚ್ಚಯವೊಂದು ಪೂರ್ಣಗೊಂಡಾಗ ಕಟ್ಟಕಡೆಗೆ ಬರುವುದು ಹುಲ್ಲು. ಅದನ್ನು ಬಿತ್ತುವ ಕಾಲವನ್ನು ಅನೇಕ ವೇಳೆ ಮಳೆ ನಿರ್ಧರಿಸುವುದಿಲ್ಲ. ಮನೆಗಳ ಹಸ್ತಾಂತರದ ದಿನಾಂಕ ನಿರ್ಧರಿಸುತ್ತದೆ. ಆ ದಿನ ಫೆಬ್ರವರಿಯಲ್ಲಿ ಬಂದರೆ ಬಿತ್ತನೆಯೂ ಫೆಬ್ರವರಿಯಲ್ಲಿಯೇ. ನಗರದ ಉದ್ಯಾನದ ಈ ಸಣ್ಣ ಸಂಗತಿಗೂ ಮಲೆನಾಡಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧವಿರುವುದು ನೀರಿನಲ್ಲಿ.

ಒಂದು ಚದರ ಮೀಟರ್ ನೆಲಕ್ಕೆ 1 ಮಿಲಿಮೀಟರ್ ನೀರೆಂದರೆ 1 ಲೀಟರ್. ಬೇಸಿಗೆಯಲ್ಲಿ ಎಳೆಯ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕೆಂದುಕೊಂಡರೆ, ಕಾಲು ಎಕರೆ ಹುಲ್ಲುಹಾಸು ದಿನವೊಂದಕ್ಕೆ 5,000 ಲೀಟರ್, ತಿಂಗಳಿಗೆ ಒಂದೂವರೆ ಲಕ್ಷ ಲೀಟರ್ ಕುಡಿಯುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಸಾಗಿ, ಸುಮಾರು 500 ಮೀಟರ್ ಮೇಲೇರಿ ಬೆಂಗಳೂರನ್ನು ತಲುಪುತ್ತದೆ. ಉಳಿದ ಕೊರತೆಯನ್ನು ಕೊಳವೆಬಾವಿ ಮತ್ತು ಟ್ಯಾಂಕರುಗಳು ತುಂಬುತ್ತವೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಉದ್ಯಾನಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮರಳಿ ಬಂತು.

ಹುಲ್ಲು ಬಿತ್ತುವ ಸರಿಯಾದ ಕಾಲವನ್ನು ಆ ನೆಲದ ರಾಗಿ ಬೇಸಾಯಗಾರರು ಎಂದೋ ಅರಿತಿದ್ದರು. ಮುಂಗಾರು ನೆಲೆಗೊಂಡ ಮೇಲೆ, ಅಂದರೆ ಜೂನ್ ಉತ್ತರಾರ್ಧದಿಂದ ಆಗಸ್ಟ್‌ವರೆಗೆ, ಮೋಡ ಕವಿದಿರುತ್ತದೆ, ಮಣ್ಣು ಬೆಚ್ಚಗಿದ್ದೂ ಬೇಗ ಒಣಗುವುದಿಲ್ಲ. ಮೊಳಕೆಯೊಡೆಯುವ ಮೊದಲ ಎರಡು ಮೂರು ವಾರ ಬೀಜಕ್ಕೆ ಬೇಕಾದುದು ಇದೇ. ಮೇ ತಿಂಗಳ ಗುಡುಗುಮಳೆಗೆ ಮೊದಲೇ ಚೆಲ್ಲಿದ ಸಣ್ಣ ಬೀಜ ಸಡಿಲ ಮಣ್ಣಿನೊಡನೆ ಚರಂಡಿ ಸೇರುತ್ತದೆ. ಅಕ್ಟೋಬರ್ ಕಳೆದ ಮೇಲೆ ಬಿತ್ತಿದ್ದು ಬೇರು ಆಳಕ್ಕಿಳಿಸುವ ಮುನ್ನವೇ ಒಣಹವೆಗೆ ಸಿಗುತ್ತದೆ. ಶರತ್ಕಾಲದಲ್ಲಿ ಬಿತ್ತಿರೆಂಬ ಪಾಶ್ಚಾತ್ಯ ಪುಸ್ತಕಗಳ ಸಲಹೆ ಶೀತದೇಶದ ಹುಲ್ಲುಗಳಿಗೆ ಸಲ್ಲುವುದೇ ಹೊರತು ಇಲ್ಲಿಯ ಗರಿಕೆಗಲ್ಲ. ಗರಿಕೆಗಾದರೆ ಬೀಜವೂ ಅನಿವಾರ್ಯವಲ್ಲ. ಮಳೆಗಾಲದಲ್ಲಿ ಊರಿದ ಗೆಣ್ಣಿನ ತುಂಡುಗಳೇ ನೆಲವನ್ನು ಹಬ್ಬುತ್ತವೆ.

ಸಂಸ್ಕರಿಸಿದ ಕೊಳಚೆ ನೀರಿರುವಾಗ ಕಾಲದ ಹಂಗೇಕೆ ಎಂದು ಕೆಲವರು ವಾದಿಸಬಹುದು. ಹುಲ್ಲಿಗೆ ಆ ನೀರೇ ಯೋಗ್ಯ, ನಿಜ. ಆದರೆ ಅದಕ್ಕೂ ಬೇರೆ ಹಕ್ಕುದಾರರಿದ್ದಾರೆ: 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಮಳೆ ಉಚಿತವಾಗಿ ಮಾಡುವ ಕೆಲಸಕ್ಕೆ ಬೇಸಿಗೆಯಲ್ಲಿ ಯಾವ ನೀರನ್ನು ಸುರಿದರೂ ಅದು ಅಪವ್ಯಯವೇ.

ಆದ್ದರಿಂದ ಜನವರಿಯಿಂದ ಮೇ ಕೊನೆಯವರೆಗೆ ಹೊಸ ಹುಲ್ಲುಹಾಸು ಹಾಕಬಾರದೆಂಬ ನಿಯಮ ನಗರಕ್ಕೆ ಅಗತ್ಯ. ಕಟ್ಟಡ ಹಸ್ತಾಂತರವಾಗಲಿ, ಅಂಗಳ ಮಾತ್ರ ಮಳೆಗೆ ಕಾಯಲಿ. ಅಲ್ಲಿಯವರೆಗೆ ಒಣ ಎಲೆಗಳ ಹೊದಿಕೆ ಸಾಕು. ಮಲೆನಾಡಿನ ಕಾಲೇಜುಗಳಿಂದ ಉದ್ಯೋಗಕ್ಕಾಗಿ ಬೆಳ್ಳಂದೂರಿನತ್ತ ಹೊರಡುವ ವಿದ್ಯಾರ್ಥಿಗಳು ನಾಳೆ ಅದೇ ಸಮುಚ್ಚಯಗಳ ನಿವಾಸಿಗಳು. ಹುಲ್ಲಿಗೆ ಮಳೆಗಾಲ ಬರಲಿ ಎಂದು ನಿವಾಸಿಗಳ ಸಭೆಯಲ್ಲಿ ಎದ್ದುನಿಂತು ಹೇಳಲು ಮಳೆಯ ನಾಡಿನಲ್ಲಿ ಬೆಳೆದವರಿಗಿಂತ ಅರ್ಹರು ಯಾರಿದ್ದಾರೆ?