ಹಿತ್ತಲಿನ ಟೊಮೇಟೊಗೆ ಔಷಧಿ ಪಂಪು ಬೇಡ

ನಮ್ಮ ಹಳ್ಳಿಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಟೊಮೇಟೊ ಗಿಡ, ಎರಡು ಬದನೆ, ಒಂದೆರಡು ಮೆಣಸಿನ ಗಿಡ ಇರುವುದು ಸಾಮಾನ್ಯ. ದಿನದ ಸಾರಿಗೆ ಬೇಕಾದ ಹಣ್ಣು ಅಲ್ಲಿಂದಲೇ ಬರುತ್ತದೆ. 2023ರ ಜುಲೈನಲ್ಲಿ ಟೊಮೇಟೊ ಧಾರಣೆ ಕಿಲೋಗೆ 100 ರೂಪಾಯಿ ದಾಟಿದಾಗ ಈ ನಾಲ್ಕು ಗಿಡಗಳ ಬೆಲೆ ಎಲ್ಲರಿಗೂ ತಿಳಿಯಿತು. ಆದರೆ ಹೊಲಕ್ಕೆ ಔಷಧಿ ಹೊಡೆದು ಬಂದವರು, ಪಂಪಿನಲ್ಲಿ ಉಳಿದದ್ದು ದಂಡವಾಗಬಾರದೆಂದು ಹಿತ್ತಲಿನ ಗಿಡಗಳಿಗೂ ಹೊಡೆದುಬಿಡುವ ರೂಢಿ ಹಲವು ಮನೆಗಳಲ್ಲಿದೆ. ಈ ರೂಢಿ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕಾರಣ ಮನೆಯವರ ಆರೋಗ್ಯ. ಕೀಟನಾಶಕ ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕಾಯಿ ಕೀಳಬಾರದೆಂಬ ನಿಯಮವಿದೆ. ಹೊಲದಲ್ಲಿ ಕೊಯ್ಲಿನ ದಿನ ಗೊತ್ತುಮಾಡಿರುವುದರಿಂದ ಇದನ್ನು ಪಾಲಿಸಬಹುದು. ಹಿತ್ತಲಿನಲ್ಲಿ ಹಾಗಲ್ಲ. ಬೆಳಿಗ್ಗೆ ಔಷಧಿ ಬಿದ್ದ ಗಿಡದಿಂದ ಸಂಜೆಯ ಅಡಿಗೆಗೆ ಹಣ್ಣು ಬರುತ್ತದೆ. ಆಟವಾಡುವ ಮಕ್ಕಳು ಕಿತ್ತು ತೊಳೆಯದೆ ತಿನ್ನುತ್ತಾರೆ. ಅಲ್ಲದೆ ಹೊಲದ ಬೆಳೆಗೆ ತಂದ ಔಷಧಿ ತರಕಾರಿಗೆ ಯೋಗ್ಯವೇ ಎಂದು ನೋಡುವವರು ಕಡಿಮೆ. ಮೋನೋಕ್ರೋಟೋಫಾಸ್ ಔಷಧಿಯನ್ನು ತರಕಾರಿಗಳ ಮೇಲೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡನೆಯ ಕಾರಣ, ಹಿತ್ತಲಿನ ಟೊಮೇಟೊವನ್ನು ಹೆಚ್ಚಾಗಿ ಕಾಡುವ ತೊಂದರೆಗಳು ಈ ಔಷಧಿಗಳಿಂದ ವಾಸಿಯಾಗುವಂತಹವಲ್ಲ. ಮೂರು ಉದಾಹರಣೆ ಕೊಡುತ್ತೇನೆ.

ಹಸಿರಾಗಿದ್ದ ಗಿಡ ಒಂದೆರಡು ದಿನಗಳಲ್ಲೇ ಬಾಡಿ ನಿಂತರೆ ಅದು ದುಂಡಾಣು ಸೊರಗು ರೋಗವಿರಬಹುದು. ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಹಾಲಿನಂತಹ ಎಳೆಗಳು ಇಳಿಯುವುದನ್ನು ಯಾರಾದರೂ ನೋಡಬಹುದು. ಈ ರೋಗಾಣು ಮಣ್ಣಿನಲ್ಲಿರುತ್ತದೆ. ಎಲೆಯ ಮೇಲೆ ಏನು ಹೊಡೆದರೂ ಅದಕ್ಕೆ ತಾಕುವುದಿಲ್ಲ. ಸದಾ ತೇವವಿರುವ ಬಚ್ಚಲ ಮಗ್ಗುಲಲ್ಲಿ ವರ್ಷವರ್ಷವೂ ಟೊಮೇಟೊ, ಬದನೆ, ಮೆಣಸಿನಕಾಯಿಗಳನ್ನೇ ನೆಟ್ಟರೆ ನಾವೇ ಅದನ್ನು ಸಾಕಿದಂತಾಗುತ್ತದೆ.

ಎಲೆ ಚಿಕ್ಕದಾಗಿ ಮುದುಡಿ, ಗಿಡ ಗಿಡ್ಡಾಗಿ ಕಾಯಿ ಕಟ್ಟದಿದ್ದರೆ ಅದು ಎಲೆ ಮುದುಡು ನಂಜುರೋಗ. ಬಿಳಿನೊಣದಿಂದ ಹರಡುವ ಈ ರೋಗ ಬೇಸಿಗೆಯಲ್ಲಿ ಹೆಚ್ಚು. ನಂಜು ಹತ್ತಿದ ಗಿಡವನ್ನು ಯಾವ ಔಷಧಿಯೂ ಸರಿಪಡಿಸಲಾರದು.

ಕಾಯಿಯ ತುದಿ ಕಪ್ಪಾಗಿ ಒಳಸೇರಿದರೆ ಅದು ಸೋಂಕು ರೋಗವೇ ಅಲ್ಲ. ಕಾಯಿಗೆ ಸುಣ್ಣದ ಅಂಶ ಸಾಕಷ್ಟು ತಲುಪಿಲ್ಲವೆಂದು ಅರ್ಥ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೊಡಗಟ್ಟಲೆ ನೀರು ಸುರಿಯುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಹದವರಿತು ನೀರು ಕೊಟ್ಟರೆ ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ.

ಹಾಗಾದರೆ ಮಾಡಬೇಕಾದುದೇನು? ಆರೋಗ್ಯವಂತ ಗಿಡದ ಕೆಲಸ ನಾಟಿಗೆ ಮೊದಲೇ ಮುಗಿಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯು ಎಲೆ ಮುದುಡು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತದೆ. ಇದು ಸಂಕರಣ ತಳಿಯಾದ್ದರಿಂದ ಇದರ ಹಣ್ಣಿನ ಬೀಜ ಉಳಿಸಿ ಬಿತ್ತಿದರೆ ಅದೇ ಗುಣ ಬಾರದು. ಸೊರಗು ರೋಗವೊಂದೇ ತೊಂದರೆಯಾಗಿರುವ ಕಡೆ ಅರ್ಕಾ ಆಭಾ, ಅರ್ಕಾ ಅಲೋಕ್ ತಳಿಗಳಿವೆ. ಎಲೆ ಮುದುಡು ರೋಗಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳಿವೆ.

ಸಸಿಗಳಿಗೆ 25ರಿಂದ 30 ದಿನ ತುಂಬುವವರೆಗೆ ಬಿಳಿನೊಣ ತೂರದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆಯನ್ನು ಮುಚ್ಚಿರಿ. ಎಳೆಯ ವಯಸ್ಸಿನಲ್ಲಿ ನಂಜು ಹತ್ತಿದ ಗಿಡವೇ ಪೂರಾ ಹಾಳಾಗುವುದು. ಹಿತ್ತಲನ್ನು ನಾಲ್ಕು ಮಡಿಗಳಾಗಿ ಮಾಡಿ, ಟೊಮೇಟೊ ಇದ್ದ ಮಡಿಗೆ ಮುಂದೆ ಹುರುಳಿಕಾಯಿ, ಅಲಸಂದೆ, ಸೊಪ್ಪು ಹಾಕಿರಿ. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೇಡ. ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟು, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು, ಕೋಲು ಊರಿ ಕಟ್ಟಿರಿ. ಬುಡಕ್ಕೆ ಒಣಹುಲ್ಲು ಹೊದಿಸಿ, ನೆಲಕ್ಕೆ ತಾಗುವ ಎಲೆ ತೆಗೆದರೆ ಮಣ್ಣು ಸಿಡಿದು ಅಂಗಮಾರಿ ಹತ್ತುವುದು ತಗ್ಗುತ್ತದೆ. ನೀರನ್ನು ಎಲೆಯ ಮೇಲೆ ಚೆಲ್ಲದೆ ಬುಡಕ್ಕೇ ಹಾಕಿರಿ.

ಕಾಯಿಕೊರಕ ಹುಳು ಬಂದರೇನು ಗತಿ ಎಂದು ಕೇಳಬಹುದು. ಹತ್ತು ಗಿಡಗಳನ್ನು ದಿನಕ್ಕೊಮ್ಮೆ ನೋಡಿ ಹುಳು ಆರಿಸಿ ಕೊಲ್ಲುವುದು ಕಷ್ಟವಲ್ಲ. ಟೊಮೇಟೊಗಿಂತ ಹದಿನೈದು ದಿನ ಮೊದಲು ಬಿತ್ತಿದ ಚೆಂಡುಹೂವಿನ ಗಿಡಗಳನ್ನು ಪಕ್ಕದಲ್ಲಿ ನೆಟ್ಟರೆ ಪತಂಗಗಳು ಆ ಹೂವಿನ ಮೇಲೆಯೇ ಹೆಚ್ಚು ಮೊಟ್ಟೆಯಿಡುತ್ತವೆ. ಇದಕ್ಕೂ ಮೀರಿದರೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿರಿ. ಇದಕ್ಕೆ ಹೊಲದ ಪಂಪನ್ನು ಬಳಸದೆ ಬೇರೆ ಕೈಪಂಪು ಇಟ್ಟುಕೊಳ್ಳಿರಿ. ಸೊರಗಿದ ಅಥವಾ ಮುದುಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ತಿಪ್ಪೆಗೆ ಹಾಕಬಾರದು.

ಎಕರೆಗಟ್ಟಲೆ ಟೊಮೇಟೊ ಬೆಳೆದು ಸಾಲ ತೀರಿಸಬೇಕಾದ ರೈತನಿಗೆ ಔಷಧಿಯನ್ನೇ ಮುಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಅವನ ಲೆಕ್ಕ ಬೇರೆ. ಹಿತ್ತಲಿನಲ್ಲಿ ಹತ್ತರಲ್ಲಿ ಮೂರು ಗಿಡ ಹೋದರೂ ಉಳಿದ ಏಳು ಮನೆಗೆ ಸಾಕಾಗುತ್ತವೆ. ಆ ಮೂರನ್ನು ಉಳಿಸಲು ಹೋಗಿ ಏಳರ ಹಣ್ಣಿಗೂ ವಿಷ ಬೆರೆಸುವುದು ಜಾಣತನವಲ್ಲ. ಹೊಲಕ್ಕೆ ಬೇಕಾದಷ್ಟೇ ಔಷಧಿ ಅಳೆದು ಬೆರೆಸಿದರೆ ಉಳಿಯುವ ಪ್ರಶ್ನೆಯೇ ಬಾರದು. ಪಂಪನ್ನು ಬಾವಿ, ಕೆರೆ, ಹಿತ್ತಲುಗಳಿಂದ ದೂರದಲ್ಲಿ ತೊಳೆದೇ ಮನೆಗೆ ತರಬೇಕು.

ಹಿತ್ತಲಿನ ತೋಟವನ್ನು ಬಹುಪಾಲು ನೋಡಿಕೊಳ್ಳುವವರು ಮನೆಯ ಹೆಣ್ಣುಮಕ್ಕಳು. ಆ ಪಂಪು ಹಿತ್ತಲ ಬಾಗಿಲು ದಾಟದಂತೆ ತಡೆಯುವ ಮಾತು ಅವರದೇ ಆಗಬೇಕು. ಗಂಡಸರು ಆ ಮಾತನ್ನು ಕೇಳಬೇಕು.